ಹಿಂದಿನ ಪುಟಕ್ಕೆ ನಡೆದವಳು

ನವಲಿಯ ಹುಲಗಮ್ಮ ಭತ್ತದ ನಾಟಿ ಗುಂಪಿನ ಹಿರಿಯಾಳು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಡಿಸಿದ್ದರೂ, ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲೇ ಓದಿ ಹತ್ತನೆಯದನ್ನು ಕಟ್ಟಿದ್ದಳು, ಆಮೇಲೆ ಪಿಯುಸಿ. ಈಗ ಮುಕ್ತ ವಿಶ್ವವಿದ್ಯಾಲಯದ ಬಿ.ಎ. ಎಲ್ಲ ಮುಗಿದು ಇತಿಹಾಸದ ಒಂದು ಪತ್ರಿಕೆ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಈ ಸಲವೂ ಹೋದರೆ ನೋಂದಣಿಯ ಅವಧಿ ತೀರುತ್ತದೆ, ಓದಿದ್ದೆಲ್ಲ ಮತ್ತೆ ಮೊದಲಿನಿಂದ.

ಪರೀಕ್ಷೆಯ ಹಿಂದಿನ ದಿನವೂ ಅವಳು ಗದ್ದೆಯಲ್ಲೇ ಇದ್ದಳು. ಕಾಲುವೆಗೆ ನೀರು ಬಂದಿತ್ತು, ನಾಟಿ ಕಾಯುವುದಿಲ್ಲ. ಹೆಂಗಸರು ಸಾಲಾಗಿ ಬಗ್ಗಿ ಸಸಿ ಊರುತ್ತ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ನಾಟಿಯಲ್ಲಿ ಮುಂದಕ್ಕೆ ಹೋಗುವಂತಿಲ್ಲ, ಹೋದರೆ ಊರಿದ ಸಸಿಯನ್ನೇ ತುಳಿದಂತೆ.

ಪಕ್ಕದ ಸಾಲಿನ ಮಾಳವ್ವ ಸುಮ್ಮನಿರುವವಳಲ್ಲ.

"ಯಕ್ಕಾ, ನಾಳಿ ಪರೀಕ್ಷಿ ಇಟ್ಕೊಂಡು ಇವತ್ತ ಕೆಸರಾಗ ನಿಂತೀಯಲ್ಲ, ನಿನ್ನ ಕಾಲು ನೋಡಿ ಮಾರ್ಕ್ಸ್ ಕೊಡ್ತಾರೇನ?"

"ಕಾಲಿಗರೆ ಕೊಡ್ಲಿ ಬಿಡವ್ವ. ಎರಡು ಸಲ ಕೈ ಬರದದ್ದಕ್ಕಂತೂ ಕೊಡ್ಲಿಲ್ಲ."

ಸಾಲಿಗೆ ಸಾಲೇ ನಕ್ಕಿತು. ನಗು ಇಳಿದ ಮೇಲೆ ಮಾಳವ್ವ ಮೆಲ್ಲಗೆ ಕೇಳಿದಳು, "ಖರೇ ಹೇಳು, ಈ ವಯಸ್ಸಿನಾಗ ಯಾತಕ್ಕ ಬೇಕ ನಿನಗ ಇದು?"

"ನನಗೂ ಗೊತ್ತಿಲ್ಲ ಮಾಳಿ. ಓದಾಕ ಕುಂತ್ರ, ಯಾರೋ ದೂರದಿಂದ ನನ್ನ ಹೆಸರು ಹಿಡದು ಕರದಂಗ ಆಕ್ಕೈತಿ. ಓ ಅನ್ನದ ಹೆಂಗಿರ್ಲಿ?"

ಮರುದಿನ ಗಂಗಾವತಿಯ ಪರೀಕ್ಷಾ ಕೊಠಡಿಯಲ್ಲಿ ಅವಳ ಸೊಂಟ ಇನ್ನೂ ಬಗ್ಗಿದ ಹದದಲ್ಲೇ ಇತ್ತು. ಉತ್ತರ ಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆ ಬರೆದು, ಅದನ್ನು ಬೋರಲು ಹಾಕಿ ಕಾಯುತ್ತ ಕುಳಿತಳು. ಮೇಲೆ ಫ್ಯಾನು ತಿರುಗುತ್ತಿತ್ತು, ತೂಬಿನಿಂದ ನೀರು ಬಿಟ್ಟ ಸದ್ದಿನ ಹಾಗೆ. ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲ ಪ್ರಶ್ನೆಯೇ ವಿಜಯನಗರದ ಕಾಲದ ಕಾಲುವೆಗಳದ್ದು. ಬಿಳಿ ಹಾಳೆ ನೀರು ನಿಂತ ಮಡಿಯಾಗಿ ಹೊಳೆಯಿತು, ಅದರಲ್ಲಿ ಮೋಡಗಳು ತೇಲಿದವು. ಅಕ್ಷರಗಳು ಒಂದೊಂದಾಗಿ ಹಸಿರಾಗಿ ನಿಂತುಕೊಂಡವು. ಪುಟ ತುಂಬಿದಂತೆ ಅವಳು ಹಿಂದಕ್ಕೆ ಸರಿದಳು, ಮತ್ತೊಂದು ಪುಟ, ಮತ್ತೆ ಹಿಂದಕ್ಕೆ. ಯಾರೋ ಹಾಡುತ್ತಿದ್ದರೋ, ಅವಳೇ ಒಳಗೊಳಗೆ ಹಾಡಿಕೊಂಡಳೋ. ಎಂದೂ ಇಷ್ಟು ಹಗುರಾಗಿ ಬರೆದಿರಲಿಲ್ಲ.

ಸಹಿ ಹಾಕಲು ಬಂದ ಮೇಲ್ವಿಚಾರಕಿ ಶಹನಾಜಬೇಗಂ ಪತ್ರಿಕೆ ತಿರುವಿ ಬೆಚ್ಚಿದರು.

"ಏನ್ರೀ ಅಮ್ಮ ಇದು! ಎಲ್ಲಾ ಉಲ್ಟಾ ಬರದೀರಿ? ಕಡೀ ಪುಟದಿಂದ ಶುರು ಮಾಡೀರಲ್ಲ!"

ಹುಲಗಮ್ಮ ಕಣ್ಣು ಪಿಳುಕಿಸಿದಳು. ನೀರು, ಮೋಡ ಎಲ್ಲ ಹೋಗಿ ಬರೀ ಹಾಳೆ ಉಳಿಯಿತು. ಮೊದಲ ಪುಟಗಳು ಖಾಲಿ. ಗದ್ದೆಯ ಆಚೆ ಬದುವಿನಿಂದ ಈಚೆ ಬರುವಂತೆ ಅವಳು ಕೊನೆಯಿಂದ ಮೊದಲಿಗೆ ಬಂದಿದ್ದಳು.

"ನಮ್ಮ ಕೆಲಸ ಹಿಂಗ ರೀ ಮೇಡಂ. ನಾವು ಹಿಂದಕ್ಕ ನಡೀತೀವಿ."

"ಇದನ್ನ ತಿದ್ದೋರಿಗೆ ಅದು ಹೆಂಗ ತಿಳೀಬೇಕು? ಇನ್ನ ಅರ್ಧ ತಾಸು ಐತಿ. ಇದಕ್ಕ ಕಾಟು ಹಾಕಿ, ಮೊದಲಿಂದ ಬಂದಷ್ಟು ಬರೀರಿ. ಪಾಸಾಗೋವಷ್ಟು ಆದ್ರ ಸಾಕು."

ಹುಲಗಮ್ಮ ಪೆನ್ನು ಅಡ್ಡ ಹಿಡಿದಳು. ಕಾಟು ಎಳೆಯುವ ಮುನ್ನ ಒಂದು ಸಾಲು ಕಣ್ಣಿಗೆ ಬಿತ್ತು, ಆನೆಗೊಂದಿಯ ಕಡೆಯ ಹಳೇ ಕಾಲುವೆಯ ಬಗ್ಗೆ ತಾನೇ ಬರೆದದ್ದು. ಬೇರು ಹಿಡಿದದ್ದನ್ನು ಕೀಳಲು ಕೈ ಏಳಲಿಲ್ಲ.

"ಮೇಡಂ, ಉತ್ತರ ಎಲ್ಲಿಂದ ಶುರು, ಮುಂದಿಂದು ಎಲ್ಲೈತಿ ಅಂತ ಬರೀಬಹುದೇನ್ರಿ?"

ಶಹನಾಜಬೇಗಂ ಗಡಿಯಾರ ನೋಡಿದರು. "ಅಷ್ಟ ಬರೀರಿ. ಅದಕ್ಕಿಂತ ಒಂದಕ್ಷರ ಹೆಚ್ಚಿಗಿ ಬ್ಯಾಡ. ಕೈ ಮುಗಿಯೋದು, ಕಷ್ಟ ಹೇಳ್ಕೊಳ್ಳೋದು ಏನಾರ ಬರದ್ರೋ, ಪೇಪರ್ ರದ್ದು ಆಗ್ತೈತಿ. ಓದೋರು ಓದ್ತಾರ, ಬಿಡೋರು ಬಿಡ್ತಾರ. ನಿಮ್ಮ ನಸೀಬು."

ಮೊದಲ ಪುಟದಲ್ಲಿ 'ಉತ್ತರಗಳು ಕೊನೆಯ ಪುಟದಿಂದ ಆರಂಭ' ಎಂದು ಬರೆದಳು. ಪ್ರತಿ ಪುಟದ ಕೆಳಗೆ 'ಮುಂದಿನ ಭಾಗ ಹಿಂದಿನ ಪುಟದಲ್ಲಿ.' ಗಂಟೆ ಹೊಡೆಯಿತು. ಪತ್ರಿಕೆ ಕೈಬಿಟ್ಟು ಹೋಯಿತು.

ಸಸಿ ಕಡುಹಸಿರಾಗಿ ಬೆಳೆದು, ತೆನೆ ಬಾಗಿತು. ಪರೀಕ್ಷೆ ಏನಾಯಿತೆಂದು ಮಾಳವ್ವ ಕೇಳಿದಾಗಲೆಲ್ಲ ಹುಲಗಮ್ಮ "ಹೊಲ ಬಿತ್ತೀನಿ, ಮಳಿ ತಿದ್ದೋರ ಕೈಯಾಗೈತಿ" ಅನ್ನುತ್ತಿದ್ದಳು. ಕೊಯ್ಲಿನ ಹೊತ್ತಿಗೆ ಮಗಳು ಮೊಬೈಲು ಹಿಡಿದು ಬದುವಿನ ಮೇಲೆ ಓಡಿ ಬಂದಳು.

"ಅವ್ವಾ, ಪಾಸು! ಇತಿಹಾಸದಾಗ ಭಾಳ ಛಲೋ ಮಾರ್ಕ್ಸ್ ಬಂದಾವ!"

ಅಂದರೆ ಎಲ್ಲೋ ಯಾರೋ ಒಬ್ಬರು ಅವಳ ಮಾತು ನಂಬಿದ್ದರು. ಕೊನೆಯ ಹಾಳೆ ತೆರೆದು, ಒಂದೊಂದೇ ಪುಟ ಹಿಂದಕ್ಕೆ ಬಂದು, ಅವಳ ಕಾಲುವೆಗಳ ಉದ್ದಕ್ಕೂ ನಡೆದಿದ್ದರು. ಹೆಸರಿಲ್ಲ, ಮುಖವಿಲ್ಲ.

ಅಂಕಪಟ್ಟಿ ವಿಚಾರಿಸಲು ಹೊರಟ ದಿನ ಗಂಗಾವತಿಯ ಬಸ್ಸು ಕಿಕ್ಕಿರಿದಿತ್ತು. ಕನ್ನಡಕ ಹಾಕಿದ ಪ್ರತಿಯೊಬ್ಬರನ್ನೂ ಹುಲಗಮ್ಮ ಕಣ್ತುಂಬ ನೋಡಿದಳು. ಪತ್ರಿಕೆ ತಿದ್ದಿದವರು ಇವರೇ ಇದ್ದರೂ ಇರಬಹುದು. ಕಂಬ ಹಿಡಿದು ತೂಗುತ್ತಿದ್ದ, ಹೆಗಲಿಗೆ ಚೀಲ ಹಾಕಿದ ಒಬ್ಬ ಹೆಂಗಸು ಅವಳ ನೋಟಕ್ಕೆ ಸುಮ್ಮನೆ ನಕ್ಕರು. ಹುಲಗಮ್ಮ ಎದ್ದು ನಿಂತಳು.

"ಕುಂದರ್ರಿ ಯಕ್ಕಾರ, ನೀವು ಕುಂದರ್ರಿ."