ಭಾಲ್ಕಿಯ ಅಂಗಳದಲ್ಲಿ ಲಂಡನ್ ರಾತ್ರಿ

ಚಿಂತಾಕಿಯ ಕುರಿಗಾರ ಧೊಂಡಿಬಾ ವಿಮಾನದಲ್ಲಿ ಲಂಡನ್ನಿಗೆ ಹೋಗುವಾಗ ಎಷ್ಟು ಗಾಢವಾಗಿ ನಿದ್ದೆ ಹೊಡೆದನೆಂದರೆ, ಅವನ ಗೊರಕೆ ಕೇಳಿ ನಾಲ್ಕು ಇಂಜಿನ್ನುಗಳಲ್ಲಿ ಎರಡು ನಾಚಿಕೊಂಡು ನಿಂತುಬಿಟ್ಟವು. ಉಳಿದ ದಾರಿಯನ್ನು ವಿಮಾನ ಗೊರಕೆಯ ಬಲದಿಂದಲೇ ಸಾಗಿತು. ವಿಮಾನದ ಮೇಮಸಾಬ ಕೊಟ್ಟ ಪೆಪ್ಪರಮಿಂಟು ಬಾಯಲ್ಲಿ, ಹತ್ತಿ ಕಿವಿಯಲ್ಲಿ ಇಟ್ಟುಕೊಂಡು ಮೂರು ರಾತ್ರಿ, ಮೂರು ಹಗಲು ಅವನು ಕಣ್ಣು ತೆರೆಯಲಿಲ್ಲ. ಇಳಿದ ಮೇಲೆ ಪೈಲಟನೇ ಬಂದು, ತಿರುಗಿ ಹೋಗುವಾಗಲೂ ನಮ್ಮ ವಿಮಾನಕ್ಕೇ ಬನ್ನಿ, ಎಣ್ಣೆ ಉಳಿಯುತ್ತದೆ ಎಂದು ಕೈಮುಗಿದ.

ಇದನ್ನು ಧೊಂಡಿಬಾ ಔರಾದಿನ ಮೋಟಾರು ನಿಲ್ಲುವ ಕಡೆ ಸಾವಿರ ಸಲ ಹೇಳಿದ್ದ. ಯಾರೂ ನಂಬಿರಲಿಲ್ಲ, ಯಾರೂ ಎದ್ದೂ ಹೋಗಿರಲಿಲ್ಲ. ಹೈದರಾಬಾದಿನ ಸರ್ಕಾರ ಹನ್ನೆರಡು ಟಗರುಗಳನ್ನು ಲಂಡನ್ನಿನ ಪ್ರದರ್ಶನಕ್ಕೆ ಕಳಿಸಿತೆಂದೂ, ಅವುಗಳಿಗೆ ಇಂಗ್ಲಿಷ್ ಬಾರದ ಕಾರಣ ತಾನು ಜೊತೆಗೆ ಹೋಗಬೇಕಾಯಿತೆಂದೂ ಅವನ ವಿವರಣೆ. ಆ ಸರ್ಕಾರವೇ ಈಗ ಇರಲಿಲ್ಲ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಹೌದೋ ಅಲ್ಲವೋ ಎಂದು ಕೇಳಲು ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ಯಾರಿಗೂ ತಿಳಿಯದಿದ್ದುದು ಧೊಂಡಿಬಾನ ಅದೃಷ್ಟ.

ಕಾಲಿಗೆ ಜಾಲಿಮುಳ್ಳು ಹೊಕ್ಕು ಕೀವಾಗಿ ಅವನು ಭಾಲ್ಕಿಯ ದವಾಖಾನೆಗೆ ಬಂದು ಮಲಗಿದ. ಮುಳ್ಳು ಮೊಳದುದ್ದ ಇತ್ತೆಂದು ಅವನೇ ಹೇಳುತ್ತಿದ್ದ. ಮಗ್ಗುಲ ಹಾಸಿಗೆಯವರಿಗೆ ವಿಮಾನದ ಕಥೆಯನ್ನು ಸಾವಿರದ ಒಂದನೇ ಸಲ ಹೇಳುತ್ತಿದ್ದಾಗ, ಪಟ್ಟಿ ಕಟ್ಟಲು ಬಂದ ನರ್ಸ್ ಜಿಜಾಬಾಯಿ ಕತ್ತರಿ ಕೆಳಗಿಟ್ಟು, ಜೇಬಿನಿಂದ ಒಂದು ಸಣ್ಣ ವಹಿ ತೆಗೆದಳು.

"ಕೂತಲ್ಲೇ ಮಲ್ಕೊಂಡ್ರೇನು ಕಾಕಾ, ಮೂರು ದಿನ?"

"ಮತ್ತ ಹ್ಯಾಂಗರಿ ನರ್ಸಬಾಯಿ? ಅಲ್ಲಿ ಹೊರಸು ಹಾಕಿ ಕೊಡ್ತಾರೇನು?"

"ಇಳಿದ ಮ್ಯಾಲ ತಲಿ ಭಾರ? ಹೊತ್ತಲ್ಲದ ಹೊತ್ತಿನಾಗ ಹಸಿವು, ನಿದ್ದಿ?"

"ಛೇ. ಇಳಿದವನೇ ಟಗರು ಹೊಡಕೊಂಡು ಲಂಡನ್ ಪೇಟಿ ಪೂರಾ ಸುತ್ತಿ ಬಂದೆ."

ಜಿಜಾಬಾಯಿ ಬರೆದುಕೊಂಡಳು. ಧೊಂಡಿಬಾ ಕತ್ತು ಚಾಚಿ ವಹಿಯನ್ನು ನೋಡಿದ. ಅವನ ಮಾತಿಗೆ ನಕ್ಕವರಿದ್ದರು, ಬೈದವರಿದ್ದರು, ಬರೆದುಕೊಂಡವರು ಈ ಭೂಮಿಯ ಮೇಲೆ ಇದುವರೆಗೆ ಹುಟ್ಟಿರಲಿಲ್ಲ.

ಔಷಧ ಕೊಡುವ ಕಂಪೌಂಡರ್ ಕುತುಬೋದ್ದೀನ ಅಂದು ಸಂಜೆ ವಿಷಯ ಬಿಡಿಸಿ ಹೇಳಿದ. ಹೋದ ವರ್ಷ ಹೈದರಾಬಾದಿನವರು ಜಿಜಾಬಾಯಿಯನ್ನು ಲಂಡನ್ನಿನಲ್ಲಿ ಆರು ತಿಂಗಳ ತರಬೇತಿಗೆ ಆರಿಸಿದ್ದರು. ಈಗ ಆ ಕಾಗದ ಬೆಂಗಳೂರಿನ ಮೇಜಿಗೆ ಹೋಗಿತ್ತು. ಹಳೆಯ ಸರ್ಕಾರದ ಮೊಹರು ಕಂಡರೆ ಅಲ್ಲಿಯವರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡುತ್ತಿದ್ದರು. ಕೊನೆಗೆ ಒಪ್ಪಿಗೆ ಬಂತು, ಜೊತೆಗೆ ಒಂದು ಸಾಲೂ ಬಂತು: ವಿಮಾನ ಇಳಿದ ದಿನವೇ ಪರೀಕ್ಷೆ, ತೇರ್ಗಡೆಯಾಗದಿದ್ದರೆ ಪಟ್ಟಿಯಲ್ಲಿನ ಎರಡನೆಯವರಿಗೆ ಜಾಗ.

"ಮುಂಚೆ ಹೋದಾಕಿ ಒಬ್ಬಳು ಪರೀಕ್ಷಾ ಮೇಜಿನ ಮ್ಯಾಲೇ ತಲಿ ಇಟ್ಟು ಮಲ್ಕೊಂಡಳಂತ," ಎಂದ ಕುತುಬೋದ್ದೀನ. "ಡಾಕ್ಟರ್ ಸಾಹೇಬರು ನಮ್ಮ ಜಿಜಾಬಾಯಿಗೆ ನಿದ್ದಿ ಗುಳಿಗಿ ಕೊಟ್ಟಾರ. ಮೊನ್ನೆ ಡ್ಯೂಟಿ ಇಲ್ಲದ ಸುಟ್ಟಿ ದಿನ ಒಂದು ತಗೊಂಡು ನೋಡ್ಯಾಳ. ಮರುದಿನ ಸಂಜಿತನಕ ಥರ್ಮಾಮೀಟರ್ ಉಲ್ಟಾ ಓದಿದಳು. ಗುಳಿಗಿ ಬ್ಯಾಡ ಅಂತಾಳ. ಈಗ ಎಲ್ಲಾ ಭಾರ, ಎಲ್ಲಾ ದಾರೋಮದಾರ ನಿನ್ನ ಮ್ಯಾಲೇ, ಧೊಂಡಿಬಾ ಸೇಠ."

ಅವನು 'ಸೇಠ' ಎಂದ ರೀತಿ ಧೊಂಡಿಬಾನಿಗೆ ಸರಿ ಕಾಣಲಿಲ್ಲ.

ಮರುದಿನ ಅವನು ತನ್ನ ಗಂಟಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಎಡಬಲ ನೋಡಿ, ಜಿಜಾಬಾಯಿಯ ಕೈಗಿತ್ತ. "ವಿಮಾನದಾಗಿನ ಮೇಮಸಾಬ ಕೊಟ್ಟಿದ್ದು. ಒಂದು ಚಿಟಿಕಿ ಸಾಕು, ಆನೆ ಸೈತ ಉರುಳಿ ಬೀಳ್ತದ."

ಜಿಜಾಬಾಯಿ ಮೂಸಿದಳು. "ಇದು ನಮ್ಮ ಅಡಿಗಿ ಮನಿ ಜಾಯಫಳ. ಖಸಖಸಿನೂ ಅದ."

"ವಿಲಾಯತಿ ಜಾಯಫಳರಿ ಅದು."

"ವಿಲಾಯತಿಯವರು ಬೀದರದ ಉರ್ದು ಅಖಬಾರದಾಗ ಪುಡಿ ಕಟ್ತಾರೇನು ಕಾಕಾ?"

ಕಾಗದವನ್ನು ಅವನು ಆಗಷ್ಟೇ ಗಮನಿಸಿದ. ಮೇಮಸಾಬಳಿಗೆ ಉರ್ದು ಓದುವ ಹುಚ್ಚಿತ್ತು ಎಂದು ಹೇಳಿದ. ಅವಳು ಅದನ್ನೂ ಬರೆದುಕೊಂಡಳು.

"ಇನ್ನೊಂದು ಕೇಳ್ತೇನಿ. ಲಂಡನ್ ಅಂದ್ರ ಪಡುವಣ ದಿಕ್ಕು. ಹೊತ್ತು ಹೋಗೂ ಕಡೆನೇ ವಿಮಾನನೂ ಹೋಗ್ತದ. ಹಗಲು ಉದ್ದ ಆಗಿರಬೇಕಲ್ಲ? ನೀವು ಮೂರು ರಾತ್ರಿ ಅಂತೀರಿ. ವಿಮಾನ ಕಂಪನಿಯವರು ನನಗ ಕಳಿಸಿದ ಕಾಗದದಾಗ ಒಂದೇ ರಾತ್ರಿ ಅದ."

"ಅದು ಹೊಸಾ ವಿಮಾನದ ಕಾಗದ. ನಮ್ಮ ವಿಮಾನ ಹಳೀದು. ನಡುವ ನಿಂತು ನಿಂತು ಹೋಗ್ತಿತ್ತು," ಎಂದ ಧೊಂಡಿಬಾ. ಹಾಗೆಂದವನೇ ಅವಳ ಮುಖ ನೋಡಿದ. ಅಲ್ಲಿ ನಗುವಿರಲಿಲ್ಲ. ನಗದೆ ಇರುವ ಹೆಂಗಸಿಗಿಂತ ಅಪಾಯದ ಪ್ರಾಣಿಯನ್ನು ಅವನು ಮೂವತ್ತು ವರ್ಷದ ಕುರಿಗಾರಿಕೆಯಲ್ಲಿ, ತೋಳಗಳನ್ನೂ ಸೇರಿಸಿ, ಕಂಡಿರಲಿಲ್ಲ.

"ಆಯ್ತು," ಎಂದಳು ಜಿಜಾಬಾಯಿ. "ಆದಿತವಾರ ಸುಟ್ಟಿ ಅದ. ನಮ್ಮ ಅಂಗಳದಾಗ ಎರಡು ಕುರ್ಚಿ ಹಾಕ್ತೇನಿ. ಒಂದರಾಗ ನೀವು, ಒಂದರಾಗ ನಾ. ನೀವು ಹ್ಯಾಂಗ ಮಲಗ್ತೀರಿ ನೋಡಿ ಕಲೀತೇನಿ."

ಕಾಲು ನೋವಿನ ನೆಪ ಹೇಳಬಹುದಿತ್ತು. ಆದರೆ ಇಡೀ ವಾರ್ಡು ಕತ್ತೆತ್ತಿ ಕೇಳುತ್ತಿತ್ತು, ಬಾಗಿಲಲ್ಲಿ ಕುತುಬೋದ್ದೀನ ಶೀಶೆ ಅಲುಗಿಸುವುದನ್ನು ನಿಲ್ಲಿಸಿದ್ದ.

"ಅದಕ್ಕೇನರಿ, ಬರ್ತೇನಿ," ಎಂದ ಧೊಂಡಿಬಾ.

ಆದಿತ್ಯವಾರ ಸೂರ್ಯ ಹುಟ್ಟುವ ಮೊದಲೇ ಅವನು ಕಂಬಳಿ ಹೊದ್ದು, ಕೋಲೂರಿಕೊಂಡು ಅವಳ ಮನೆಗೆ ಬಂದ. ಜಿಜಾಬಾಯಿಯ ತಾಯಿ ಕೌಸಲ್ಯಾಬಾಯಿ ಅಂಗಳ ಸಾರಿಸಿ, ಎರಡು ಕುರ್ಚಿ ಹಾಕಿ, ಕೂತವರ ತೋಳಿಗೆ ತಗಲುವಷ್ಟು ಇಕ್ಕಟ್ಟಾಗಿ ಎರಡೂ ಕಡೆ ಜೋಳದ ಚೀಲ ಇಟ್ಟಿದ್ದಳು. ಕಾಲು ಚಾಚದಂತೆ ಮುಂದೊಂದು ಹಲಗೆ. ವಿಮಾನ ಹೀಗೇ ಇರುತ್ತದೆಂದು ಕಾಗದದಲ್ಲಿನ ಚಿತ್ರ ನೋಡಿ ಮಗಳು ಹೇಳಿದ್ದಳು.

ಒಳಗೆ ಗೋಡೆಯ ಮೇಲೆ ಹೊಸದಾಗಿ ಕಟ್ಟು ಹಾಕಿಸಿದ ಬುದ್ಧನ ಚಿತ್ರವಿತ್ತು. ಧೊಂಡಿಬಾ ಬಾಗಿಲಿಂದಲೇ ಕೈಮುಗಿದು, "ಇವರು ನೋಡ್ರಿ, ಕೂತೇ ಎಷ್ಟು ಛಂದ ಮಲಗ್ಯಾರ," ಎಂದ.

"ಅವರು ಮಲಗಿಲ್ಲಪಾ," ಎಂದಳು ಕೌಸಲ್ಯಾಬಾಯಿ. "ಎಲ್ಲಾರಕಿಂತ ಎಚ್ಚರ ಇದ್ದವರು. ನಿನ್ನ ಮಾತೂ ಕೇಳಸ್ತಾವ ಅವರಿಗೆ."

ಜಿಜಾಬಾಯಿ ಎದೆಗೆ ಚುಚ್ಚಿಕೊಂಡ ಗಡಿಯಾರವನ್ನು ಐದೂವರೆ ತಾಸು ಹಿಂದಕ್ಕೆ ತಿರುಗಿಸಿದಳು. "ಇಲ್ಲಿ ಮುಂಜಾನಿ ಆರು. ಲಂಡನ್‌ದಾಗ ರಾತ್ರಿ ಹನ್ನೆರಡೂವರಿ. ಅಲ್ಲಿ ಮಂದಿ ಮಲಗಿದಾಗ ನಾ ಮಲಗಿದ್ರ, ಇಳಿಯೂ ಹೊತ್ತಿಗೆ ಮೈ ಅಲ್ಲಿಯವರ ಲೆಕ್ಕಕ್ಕ ಬರ್ತದ. ಮಲಗೋಣ ಕಾಕಾ."

ಆಗ ಶುರುವಾದ ಲಂಡನ್ ರಾತ್ರಿಯಂಥ ರಾತ್ರಿ ಲಂಡನ್ನಿಗೂ ಬಂದಿರಲಾರದು. ಭಾಲ್ಕಿಯ ಕೋಳಿಗಳೆಲ್ಲ ಒಟ್ಟಿಗೆ ಕೂಗಿದವು. ಸೂರ್ಯ ನೇರವಾಗಿ ಧೊಂಡಿಬಾನ ಮೂಗಿನ ಮೇಲೆಯೇ ಹುಟ್ಟಿದ. ಅವನು ತನ್ನಲ್ಲಿ ಉಳಿದಿದ್ದ ಜಾಯಫಳದ ಪುಡಿಯಲ್ಲಿ ಒಂದು ಹಿಡಿಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಗೋಡೆ ನಡುಗುವಂತೆ ಗೊರಕೆ ಹೊಡೆಯಲಾರಂಭಿಸಿದ.

ಕುರ್ಚಿ ಸೊಂಟಕ್ಕೆ ಒತ್ತುತ್ತಿತ್ತು. ಕುತ್ತಿಗೆ ಎತ್ತ ಇಟ್ಟರೂ ಅದು ಬೇರೆ ಯಾರದೋ ಕುತ್ತಿಗೆಯಂತಿತ್ತು. ಎರಡು ತಾಸು ಹೊಡೆದ, ಮೂರು ತಾಸು ಹೊಡೆದ. ಇಷ್ಟು ದುಡಿಮೆಯ ಗೊರಕೆಯನ್ನು ಅವನು ಜನ್ಮದಲ್ಲಿ ಹೊಡೆದಿರಲಿಲ್ಲ. ನಡುವೆ ಎರಡು ಬೆರಳು ಬಂದು ಅವನ ಮಣಿಕಟ್ಟಿನ ನಾಡಿ ಹಿಡಿದವು. ಸ್ವಲ್ಪ ಹೊತ್ತಿಗೆ ವಹಿಯ ಮೇಲೆ ಪೆನ್ಸಿಲ್ ಓಡುವ ಸದ್ದು. ಇವಳು ಮಲಗಿಲ್ಲ, ತನ್ನನ್ನೇ ಕಾಯುತ್ತಿದ್ದಾಳೆ. ತೋಳ ಹೊಲದಂಚಿನಲ್ಲಿ ಕೂತು ಕಾಯುವುದು ಹೀಗೆಯೇ. ಕುರಿಗಳಿಗೆ ಹೇಗೆ ಅನ್ನಿಸುತ್ತದೆಂದು ಧೊಂಡಿಬಾನಿಗೆ ಮೊದಲ ಸಲ ತಿಳಿಯಿತು.

"ನರ್ಸಬಾಯಿ," ಎಂದ ಕೊನೆಗೆ ಕಣ್ಣು ಬಿಟ್ಟು, "ಜರಾ ಹೊರಗ ಹೋಗಿ ಬರ್ತೇನಿ."

"ಹೋಗಿ ಬರ್ರಿ. ವಿಮಾನ ನಿಂತಿರ್ತದ."

ಮನೆಯ ಹಿಂದೆ ಬೇವಿನ ಮರದಡಿ ಬಂದು ಅವನು ಉಸಿರು ಬಿಟ್ಟ. ಓಡಿಹೋಗಲೆ ಎಂದುಕೊಂಡ. ಕಾಲಿಗೆ ಪಟ್ಟಿ. ಸುಮ್ಮನೆ ಒಂದು ಗಳಿಗೆ ನಿಲ್ಲೋಣವೆಂದು, ಕೋಲಿನ ತುದಿಗೆ ಎರಡೂ ಅಂಗೈ ಇಟ್ಟು, ಅಂಗೈ ಮೇಲೆ ಗದ್ದ ಊರಿ, ನೋವಿನ ಕಾಲನ್ನು ಒಳ್ಳೆಯ ಕಾಲಿನ ಮೊಣಕಾಲಿಗೆ ಆನಿಸಿ ಕೊಕ್ಕರೆಯಂತೆ ನಿಂತ.

ಕಣ್ಣು ಬಿಟ್ಟಾಗ ನೆರಳು ಜರುಗಿತ್ತು. ಯಾರದೋ ಆಡು ಕೊರಳಗಂಟೆ ಅಲುಗಿಸುತ್ತ ಹಾದುಹೋಗಿತ್ತು, ಅದಕ್ಕೇ ಎಚ್ಚರವಾಗಿತ್ತು. ಎದುರಿಗೆ ಒಗೆಯುವ ಕಲ್ಲಿನ ಮೇಲೆ ಜಿಜಾಬಾಯಿ ಕೂತಿದ್ದಳು, ತೊಡೆಯ ಮೇಲೆ ವಹಿ.

"ಈಗ ಎಷ್ಟಾಯ್ತರಿ?" ಎಂದ ಅವನು.

"ಲಂಡನ್‌ದಾಗ ಬೆಳಗಿನ ಐದೂವರಿ. ಎರಡು ತಾಸು ನಿಂತಲ್ಲೇ ಮಲಗಿದ್ರಿ. ಬಿದ್ದುಗಿದ್ದೀರಿ ಅಂತ ಇಲ್ಲೇ ಕೂತೆ." ಅವಳು ವಹಿ ತೆರೆದಳು. "ಕುರ್ಚಿಯಾಗ ನಿಮ್ಮ ಗೊರಕಿ ಉಸಿರು ಒಳಗ ಹೋಗುವಾಗನೂ ಬರುವಾಗನೂ ಒಂದೇ ನಮೂನಿ ಇತ್ತು. ನಾಡಿ ಓಡೋ ಕುದುರಿ. ಇಲ್ಲಿ ಹಂಗಿಲ್ಲ. ಇಲ್ಲಿಯದು ಖರೆ ನಿದ್ದಿ. ಹನ್ನೆರಡು ವರ್ಷ ವಾರ್ಡಿನಾಗ ಮಲಗಿದವರನ್ನ ನೋಡೇನಿ ಕಾಕಾ, ಮಲಗಿದಂಗ ಮಾಡಿದವರನ್ನೂ ನೋಡೇನಿ."

ಧೊಂಡಿಬಾ ಬಾಯಿ ತೆರೆದ. ವಿಮಾನದಲ್ಲಿ ನಿಂತು ಮಲಗುವ ಜಾಗವೂ ಇರುತ್ತದೆ ಎಂಬ ಮಾತು ತುಟಿಯವರೆಗೆ ಬಂದಿತ್ತು.

"ಒಂದು ಮಾತು," ಎಂದಳು ಅವಳು, ದನಿ ಏರಿಸದೆ. "ಗುಳಿಗಿ ನಾ ಡಾಕ್ಟರಿಗೆ ತಿರುಗಿ ಕೊಟ್ಟೇನಿ. ಹನ್ನೆರಡು ದಿನಕ್ಕ ವಿಮಾನ. ಅಲ್ಲಿ ನಾ ತೂಕಡಿಸಿದ್ರ ಹಳೇ ಹೈದರಾಬಾದಿನವರು ಇಷ್ಟೇ ಅಂತ ಮೊಹರು ಹೊಡೀತಾರ, ನನ್ನ ಹಿಂದ ಈ ಜಿಲ್ಲೆದಿಂದ ಯಾರನ್ನೂ ಕಳಸೂದಿಲ್ಲ. ನೀವು ಹೇಳಿದ್ದು ಸುಳ್ಳಾದ್ರ ಈಗ ಹೇಳ್ರಿ. ನಾ ವಾರ್ಡಿನಾಗ ಯಾರಿಗೂ ಅನ್ನೂದಿಲ್ಲ."

ಧೊಂಡಿಬಾ ಕೋಲು ನೋಡಿದ, ನೆಲ ನೋಡಿದ, ಕೋಲಿನಿಂದ ನೆಲಕ್ಕೆ ಒಂದು ಗೆರೆ ಎಳೆದ. ನಂಬದ ಮಂದಿಗೆ ಹೇಳಿದ್ದು ಯಾರಿಗೂ ತಗಲಿರಲಿಲ್ಲ. ಇವಳು ನಂಬಲು ತಯಾರಿದ್ದಳು, ಅದೇ ತೊಡಕಾಗಿತ್ತು.

"ಕೂತು ಮಲಗೂದು ನನಗ ಗೊತ್ತಿಲ್ಲರಿ," ಎಂದ. "ನಿಂತು ಮಲಗೂದು ಗೊತ್ತದ. ಗದ್ದಕ್ಕ ಮುಂದ ಏನರ ಆಸರ ಬೇಕು. ಹಿಂದ ಒರಗಿದ್ರ ಕುತ್ತಿಗಿ ಬಿದ್ದು ಎಚ್ಚರ ಆಗ್ತದ. ತೊಡಿ ಮ್ಯಾಲ ಗಂಟು ಇಟ್ಟು, ಅದರ ಮ್ಯಾಲ ಕೈ ಇಟ್ಟು, ಮುಂದಕ್ಕ ಬಾಗ್ರಿ. ಇದು ಖರೆ."

ಅವಳು ಬರೆದುಕೊಂಡಳು. "ಮತ್ತ?"

"ಬ್ಯಾಸಿಗ್ಯಾಗ ಕುರಿ ರಾತ್ರಿ ಮೇಯಿಸ್ತೇವಲ್ಲರಿ. ಒಂದೇ ದಿನಕ್ಕ ತಿರುವಿದ್ರ ಕುರಿ ಮೇಯೂದಿಲ್ಲ, ನಮಗೂ ಜ್ವರ ಬಂದಂಗ ಆಗ್ತದ. ದಿನಾ ಸ್ವಲ್ಪ ಸ್ವಲ್ಪ ತಡಾ ಮಾಡಿ ಬಿಡ್ತೇವಿ. ಎಂಟು ಹತ್ತು ದಿನಕ್ಕ ಹೊಂದ್ತಾವ. ನೀವೂ ಇವತ್ತಿಂದ ದಿನಾ ಅರ್ಧ ತಾಸು ತಡಾ ಮಾಡಿ ಮಲಗ್ರಿ, ತಡಾ ಮಾಡಿ ಉಣ್ರಿ. ಹೋಗೂ ಹೊತ್ತಿಗೆ ಮೈ ಅಲ್ಲೇ ಮುಟ್ಟಿರ್ತದ."

ಪೆನ್ಸಿಲ್ ನಿಂತಿತು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಹನ್ನೊಂದು ದಿನ, ಐದೂವರೆ ತಾಸು. ರಾತ್ರಿ ಪಾಳಿ ಕೇಳಿ ಪಡೆದರೆ ಇನ್ನೂ ಸುಲಭ. ಈ ಇಡೀ ವಾರದಲ್ಲಿ ಮೊದಲ ಸಲ ಅವಳ ಹುಬ್ಬು ಸಡಿಲಾಯಿತು.

"ಇದು ಸುಳ್ಳಲ್ಲ ಅಂತ ಹ್ಯಾಂಗ ನಂಬಲಿ?"

"ಸುಳ್ಳಾಗಿದ್ರ ಇದಕ್ಕಿಂತ ಛಂದ ಇರ್ತಿತ್ತರಿ."

ಅವಳಿಗೆ ಅದು ಒಪ್ಪಿಗೆಯಾಯಿತು. "ಮತ್ತ ಆ ವಿಮಾನ? ಪೆಪ್ಪರಮಿಂಟು, ಕಿವಿಗೆ ಹತ್ತಿ, ಎಲ್ಲಾ ಕಾಗದದಾಗ ಇದ್ದಂಗೇ ಹೇಳಿದ್ರಲ್ಲ?"

ಧೊಂಡಿಬಾ ಬೇವಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಬೀದರದಲ್ಲಿ, ಚಿದ್ರಿಯ ಬಯಲಿನಲ್ಲಿ, ಯುದ್ಧ ಮುಗಿದ ಮೇಲೆ ಒಂದು ಹಾಳು ವಿಮಾನ ನಿಂತಿತ್ತು ಎಂದ. ಅಲ್ಲಿ ಕುರಿ ಮೇಯಿಸುವಾಗ ಬಿಸಿಲು ತಡೆಯದೆ ಒಳಗೆ ಹೊಕ್ಕ. ಒಳಗಿದ್ದ ಒಬ್ಬ ಮಿಸ್ತ್ರಿ ಪೆಪ್ಪರಮಿಂಟು ಕೊಟ್ಟು, ಹತ್ತಿಯ ಕಥೆ, ಮೇಮಸಾಬಳ ಕಥೆ ಎಲ್ಲ ಹೇಳಿದ.

"ಅಲ್ಲೂ ಕೋಲಿಗೆ ಗದ್ದ ಊರಿ ನಿಂತೇ ಮಲಗಿದೆರಿ. ಎದ್ದು ಹೊರಗ ಬಂದು, ಲಂಡನ್ ಬಂತೇನೋ ಅಂತ ನೋಡಿದೆ. ಚಿದ್ರಿನೇ. ನಮ್ಮ ಕುರಿ ಗಾಲಿ ನೆರಳಾಗ ಕೂತಿದ್ವು."

"ಇಂಜಿನ್ ಎರಡು ನಾಚಿ ನಿಂತ್ವು ಅಂದ್ರಲ್ಲ?"

"ಇಂಜಿನ್ನೇ ಇರಲಿಲ್ಲರಿ. ಬಿಚ್ಚಿಕೊಂಡು ಹೋಗಿದ್ರು." ಅವನು ತಲೆ ಕೆರೆದುಕೊಂಡ. "ಟಗರೂ ಹನ್ನೆರಡಲ್ಲ, ಒಂದೇ. ಅದೂ ಕುಂಟ. ಮುಳ್ಳೂ ಮೊಳದುದ್ದ ಇರಲಿಲ್ಲ."

"ಗೊತ್ತದ. ತೆಗೆದಾಕಿ ನಾನೇ," ಎಂದಳು ಜಿಜಾಬಾಯಿ. "ಗೊರಕಿ?"

"ಗೊರಕಿ ಮಾತ್ರ ಖರೆ ಅದರಿ."