ಹಣೆಗೆ ಬರೆದ ಹಾವು

ದೊಡ್ಡನೆಕ್ಕುಂದಿಯ ಆ ಮನೆಯಲ್ಲಿ ಭಾನುವಾರವೆಂದರೆ ಮುದ್ದೆ, ನಾಟಿಕೋಳಿ ಸಾರು. ಆವತ್ತು ನರಸಿಂಹಯ್ಯ ತಟ್ಟೆ ಸರಿಸಿ ಎದ್ದ. ಎಡಹಣೆಗೆ ಬೆಂಕಿ ಇಟ್ಟ ಹಾಗೆ ಉರಿ. ಹುಬ್ಬಿನಿಂದ ರೆಪ್ಪೆಯವರೆಗೆ ಸಾಲುಗಟ್ಟಿದ ನೀರುಗುಳ್ಳೆ.

"ಸರ್ಪಸುತ್ತು," ಎಂದರು ತಾಯಿ ಬೈರಮ್ಮ. "ಬಾಡಿಗೆ ಮನೆ ಕಟ್ಟಾಕೆ ಉತ್ತ ಕೆಡವಬ್ಯಾಡ್ರೋ ಅಂತ ಬಡ್ಕಂಡೆ. ಕೇಳಿದ್ರಾ?"

"ಅತ್ತೆ, ಕಣ್ಣಿನ ಹತ್ರ ಬಂದಿದೆ. ಆಸ್ಪತ್ರೆಗೆ ಹೋಗಿಬರ್ತೀವಿ," ಎಂದಳು ಸೊಸೆ ಹೇಮಲತಾ.

"ಮಾತ್ರೆ ನುಂಗ್ಸಿದ್ರೆ ಆವು ಒಳಕ್ಕೋಗ್ತದೆ ಕಣೆ. ತಲೆ ಬಾಲ ಕೂಡ್ಕಂಡ್ರೆ ಉಳಿಸೋರ್ಯಾರು, ನಿಮ್ಮಪ್ಪನಾ?"

ಹೇಮಲತಾ ಗಂಡನ ಮುಖ ನೋಡಿದಳು. ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುತ್ತ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪೀಸನ್ನು ಬೇರೆ ತೆಗೆದಿಡುವ ಮನುಷ್ಯ, ಹುತ್ತದ ಮಾತು ಬಂದೊಡನೆ ತಲೆ ತಗ್ಗಿಸಿದ. ಗುದ್ದಲಿ ಹಾಕಿಸಿದವನು ಅವನೇ.

ಮಂತ್ರ ಹಾಕುವ ಚಿಕ್ಕಮುನಿಯಪ್ಪ ಬಂದರು. ಕೆಮ್ಮಣ್ಣು ಕಲಸಿ ಗುಳ್ಳೆಗಳ ಮೇಲೆ ಹಾವು ಬರೆದರು. ನೀರು ಸೋಕಬಾರದು, ಔಷಧ ಮುಟ್ಟಿಸಬಾರದು. ಗುಳ್ಳೆ ಒಡೆದು ಮಣ್ಣಿಗೆ ಕೀವು ಬೆರೆಯಿತು. ಅದರ ಮೇಲೇ ಮತ್ತೆ ಬರೆದು, "ಇಳೀತಾ ಅದೆ," ಎಂದರು. ಹೇಮಲತಾ ಆಸ್ಪತ್ರೆ ಎಂದಾಗಲೆಲ್ಲ ಬೈರಮ್ಮ ಹೊಸ್ತಿಲಿಗೆ ಅಡ್ಡ ಕೂತರು.

ಒಂದು ಬೆಳಗ್ಗೆ ನರಸಿಂಹಯ್ಯ ಬಲಗಣ್ಣು ಮುಚ್ಚಿ ನೋಡಿಕೊಂಡ. "ಲತಾ, ಕಿಟಕಿ ತೆಗೆದಿದೀಯಾ?"

ಕೋಣೆಯ ತುಂಬ ಬಿಸಿಲಿತ್ತು. ಹೇಮಲತಾ ಅತ್ತೆಯನ್ನು ದಾಟಿಕೊಂಡೇ ಗಂಡನನ್ನು ಆಟೊ ಹತ್ತಿಸಿದಳು.

ಡಾಕ್ಟರಮ್ಮ ಮಣ್ಣು ತೊಳೆಯುತ್ತ ಕೇಳಿದರು, "ಚಿಕ್ಕವರಿದ್ದಾಗ ಇವರಿಗೆ ಅಮ್ಮ ಬಂದಿತ್ತಾ?"

"ಬಂದಿತ್ತಂತೆ. ಅತ್ತೆನೇ ಬೇವಿನಸೊಪ್ಪು ಹಾಸಿ ಮಲಗಿಸಿದ್ರಂತೆ."

"ಆ ಚಿಕನ್‌ಪಾಕ್ಸ್ ವೈರಸ್ಸೇ ಇದು. ಅಮ್ಮ ಇಳಿದ್ರೂ ಅದು ನರದೊಳಗೆ ಮಲಗಿರುತ್ತೆ, ಮೈ ಸೋತಾಗ ಏಳುತ್ತೆ. ಗುಳ್ಳೆ ಎದ್ದ ಕೂಡಲೇ ಬಂದಿದ್ರೆ ಮಾತ್ರೆಯಿಂದ್ಲೇ ಕಣ್ಣು ಉಳಿಸಬಹುದಿತ್ತು. ಈಗ ಮಣ್ಣಿನಿಂದ ಬ್ಯಾಕ್ಟೀರಿಯಾನೂ ಸೇರಿದೆ. ಅದಕ್ಕೆ ಬೇರೆ ಮದ್ದು. ಎರಡೂ ಕೊಡ್ತೀನಮ್ಮ, ಆದ್ರೆ ಈ ಕಣ್ಣಿನ ಆಸೆ ಇಟ್ಕೋಬೇಡಿ."

ಎಡಗಣ್ಣು ಹೋಯಿತು. ಕಾರ್ಖಾನೆಯವರು ಅವನನ್ನು ಗೋಡೌನಿಗೆ ಹಾಕಿದರು. "ಆಸ್ಪತ್ರೆಗೆ ಕರ್ಕಂಡೋದ್ಲು, ಕಣ್ಣೋಯ್ತು," ಎಂದು ಬೈರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು.

ಒಂದು ದಿನ ಬಾಡಿಗೆ ಮನೆಯ ಶಾಂತಿ ಓಡಿಬಂದಳು. ಅವಳ ತಂದೆಯ ಬೆನ್ನಿಗೆ ಅದೇ ಗುಳ್ಳೆ. "ಅಜ್ಜಿ, ಆ ಮಣ್ಣು ಹಚ್ಚೋರು ಎಲ್ಲಿ ಸಿಗ್ತಾರೆ?"

ಬೈರಮ್ಮ ಬಾಯಿ ತೆರೆಯುವಷ್ಟರಲ್ಲಿ ನರಸಿಂಹಯ್ಯ ಹೊರಬಂದು ಕಪ್ಪು ಕನ್ನಡಕ ತೆಗೆದ.

"ನೋಡಮ್ಮ ಶಾಂತಿ. ಹಚ್ಚಿಸ್ಕೊಂಡೋನು ನಾನು. ನಿಮ್ಮಪ್ಪನ್ನ ಕರ್ಕೊಂಡ್ಬಾ, ಆಟೊ ಹಿಡೀತೀನಿ."

"ಲೇ, ನಾನ್ ಬದುಕಿರೋ ಗಂಟ..."

"ನೀನೂ ಬದುಕವ್ವ. ಅವರಪ್ಪನೂ ಬದುಕಲಿ."

ಎಡಗಡೆಯ ಅಂದಾಜು ಸಿಗದೆ ಮೆಟ್ಟಿಲಲ್ಲಿ ತಡವರಿಸಿದ. ಹೇಮಲತಾ ಅವನ ತೋಳು ಹಿಡಿದುಕೊಂಡಳು, ಇಬ್ಬರೂ ರಸ್ತೆಗಿಳಿದರು.