ಕುರಿ ತುಳಿದ ಅಂತರಗಂಗೆ

ಹೋದ ವರ್ಷ ಕಾರ್ತಿಕದಲ್ಲಿ ಕಳೆ ತೆಗೆಸುವ ಗುತ್ತಿಗೆದಾರ ಶ್ರೀಶೈಲಪ್ಪ ಹಿರೇಮಡುವಿನ ಹೊಳೆದಂಡೆಗೆ ವಿಷ ಹೊಡೆಸಿದ. ದಂಡೆಗೆ ತೇಲಿ ಬಂದು ಬಿದ್ದಿದ್ದ ಅಂತರಗಂಗೆ ಕಳೆ ಸುಟ್ಟು ಕಪ್ಪಾಯಿತು. ಮೂರನೆಯ ದಿನ ಮೀನು ಸತ್ತು ತೇಲಿದವು. ಐದನೆಯ ದಿನ ಆ ನೀರು ಕುಡಿದು ಕುರಿಗಾರ್ತಿ ಹುಚ್ಚವ್ವನ ಹನ್ನೊಂದು ಕುರಿ ಸತ್ತವು. ಶ್ರೀಶೈಲಪ್ಪನ ಕಡೆಯವರು ಹೊಟ್ಟೆಯುಬ್ಬರದಿಂದ ಸತ್ತಿವೆ ಎಂದು ಕಾಗದದಲ್ಲಿ ಬರೆದು, ಅದಕ್ಕೆ ಹುಚ್ಚವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಈ ವರ್ಷವೂ ಅಂತರಗಂಗೆ ಬಂತು. ಬರದೆ ಏನು ಮಾಡೀತು? ಹಿರೇಮಡು ತಂಗಡಗಿಯಿಂದ ಕೂಗಳತೆಯ ಊರು. ಮೇಲಿನ ಊರುಗಳ ಗಟಾರದ ಕೊಳೆ, ಹೊಲಗಳ ರಾಸಾಯನಿಕ ಗೊಬ್ಬರ ಎಲ್ಲವನ್ನೂ ತಿಂದು ಕೊಬ್ಬಿದ ಆ ಕಳೆ, ಕೃಷ್ಣೆಯ ಹಿನ್ನೀರು ಇಳಿಯುವ ಹೊತ್ತಿಗೆ ಗಾಳಿಗೆ ತೇಲಿ ಬಂದು ದಂಡೆಯ ಮೇಲೆ ಸೊಂಟದೆತ್ತರ ಬೀಳುತ್ತದೆ. ಹೂವು ನೋಡಲು ಚೆಂದ. ಅದರ ಕೆಳಗೆ ನೀರಿಗೆ ಉಸಿರಿಲ್ಲ, ಮೀನಿಗೆ ಬೆಳಕಿಲ್ಲ. ವಿಷ ಹೊಡೆದರೆ ಸತ್ತ ಕಳೆ ನೀರಲ್ಲೇ ಕೊಳೆಯುತ್ತದೆ, ಆ ಕೊಳೆಯನ್ನೇ ಉಂಡು ಮುಂದಿನ ವರ್ಷದ ಕಳೆ ಚಿಗುರುತ್ತದೆ, ಚಿಗುರಿದ್ದಕ್ಕೆ ಮತ್ತೆ ಗುತ್ತಿಗೆ. ಹೊಳೆ ಕಾಯಲು ಶ್ರೀಶೈಲಪ್ಪನನ್ನು ಇಟ್ಟದ್ದೆಂದರೆ ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ.

ಹುಚ್ಚವ್ವನದು ಇಂಡಿ ತಾಲೂಕಿನ ಹೊರ್ತಿ. ದೀಪಾವಳಿ ಮುಗಿದದ್ದೇ ಹಿಂಡು ಹೊಡೆದುಕೊಂಡು ಹೊರಟರೆ ಕೃಷ್ಣೆಯ ದಂಡೆಯಲ್ಲಿ ಹಟ್ಟಿ ಹಾಕುವುದು ಅವಳ ಅತ್ತೆಯ ಕಾಲದಿಂದ ಬಂದ ದಾರಿ. ಮಗಳು ರಾಜಶ್ರೀಯನ್ನು ಹಿರೇಮಡುವಿಗೇ ಕೊಟ್ಟಿದ್ದಳು. ರಾಜಶ್ರೀ ಊರ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು. ಈ ಸಲ ಹಿಂಡು ಬಂದು ನಿಂತ ದಿನವೇ ಅವಳು ದಂಡೆಗೆ ಓಡಿ ಬಂದಳು.

"ಯವ್ವಾ, ಸಮುದ್ರದ ದಂಡಿಗೆ ಬಿದ್ದ ಪಾಚಿ ಗುಂಡಿಗೆ ಹಾಕಿ ಒಲಿಗೆ ಗ್ಯಾಸ್ ಮಾಡ್ತಾರಂತ. ಮೊಬೈಲಿನ್ಯಾಗ ನೋಡೇನಿ."

"ಸಮುದ್ರ ಇದ್ದವರು ಮಾಡ್ತಾರವ್ವ. ನಮಗೆಲ್ಲಿ ಸಮುದ್ರ?"

"ಸಮುದ್ರ ಇಲ್ಲ, ಕಸ ಐತಲ್ಲ! ನಿನ್ನ ಸೊಂಟದ ಮಟಾ ಐತಿ, ನೋಡ. ಸಾಲಿ ಹಿಂದಿನ ಗೋಬರ್ ಗ್ಯಾಸಿನ ಗುಂಡಿ ಖಾಲಿ ಬಿದ್ದೈತಿ. ಶ್ರೀಶೈಲಪ್ಪ ಮತ್ತ ಟ್ಯಾಂಕ್ ತರೂದರೊಳಗ ಕಸಾನ ಇಲ್ಲದಂಗ ಮಾಡಿದ್ರ ವಿಷ ಯಾತಕ್ಕ ಹೊಡೀತಾನ?"

ಹುಚ್ಚವ್ವ ಹೋದ ವರ್ಷ ಕುರಿ ಹೂಳಿದ ಜಾಗದ ಕಡೆ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿದಳು.

ಆ ಗುಂಡಿ ಕಟ್ಟಿದವನು ಗೌಂಡಿ ಗೈಬುಸಾಬ. ಎಪ್ಪತ್ತು ದಾಟಿದ ಮುದುಕ, ಮೊಣಕಾಲು ಹೋಗಿದ್ದರೂ ನಾಲಿಗೆ ಹೋಗಿರಲಿಲ್ಲ. ಗುಂಡಿಯ ಮೇಲಿನ ಮುಳ್ಳುಕಂಟಿ ತೆಗೆಸಿ, ಕೋಲಿನಿಂದ ಬಡಿದು ಕಿವಿಗೊಟ್ಟ.

"ಏನೂ ಆಗಿಲ್ಲ. ನಾ ಕಟ್ಟಿದ ಗುಂಬಜ ಇದು. ವಿಜಾಪುರದ್ದು ನೆಲದ ಮ್ಯಾಲೈತಿ, ನಂದು ನೆಲದಾಗೈತಿ, ಅಷ್ಟ ಫರಕ."

ಊರ ಹೆಂಗಸರು ಮನೆಗೊಂದು ಬುಟ್ಟಿ ಸಗಣಿ ತಂದು ಗುಂಡಿಗೆ ಕಲಸಿದರು. ಅದರ ಮೇಲೆ ನಾಲ್ಕು ಬಂಡಿ ಅಂತರಗಂಗೆ ತುರುಕಿದರು. ಮಾಡಿದ ತಪ್ಪು ಅಲ್ಲೇ ಇತ್ತು. ದಂಟಿನ ತುಂಬ ಗಾಳಿ ತುಂಬಿಕೊಂಡು ನೀರ ಮೇಲೆ ಬದುಕುವ ಗಿಡ ಗುಂಡಿಯೊಳಗಾದರೂ ಮುಳುಗೀತೇ? ಇಡಿಯಾಗಿ ಹಾಕಿದ್ದು ಇಡಿಯಾಗಿಯೇ ತೇಲಿ, ಹೆಣೆದುಕೊಂಡು, ಗುಂಡಿಯ ಬಾಯಿಗೆ ಕಂಬಳಿ ಹೊದಿಸಿದಂತೆ ಕುಳಿತಿತು. ಹತ್ತು ದಿನ ಕಾದರು. ಶಾಲೆಯ ಗ್ಯಾಸ್ ಒಲೆಯ ಕಿವಿ ತಿರುವಿದರೆ 'ಫುಸ್' ಎಂದು ಒಂದು ಉಸಿರು, ಅಷ್ಟೇ.

ಚಹಾದಂಗಡಿಯಲ್ಲಿ ಶ್ರೀಶೈಲಪ್ಪ ತೊಡೆ ತಟ್ಟಿಕೊಂಡು ನಕ್ಕ. "ಹೊರ್ತಿ ಕುರುಬರಾಕಿ ಬಂದು ಹೊಳಿ ಕಸದಾಗ ಚಹಾ ಕಾಸ್ತಾಳಂತ! ಕುದ್ದ ಮ್ಯಾಲ ನನಗೂ ಒಂದ ಕಪ್ ಕಳಸ್ರ್ಯೋ!"

ಆ ನಗು ಸುತ್ತಿ ಸುತ್ತಿ ಹಟ್ಟಿಗೂ ಬಂತು. ಗೈಬುಸಾಬ ಬೈಯುತ್ತ ಗುಂಡಿಯ ಬಾಯಿಯ ಕಸವನ್ನು ಕೊಕ್ಕೆಯಿಂದ ಎಳೆಸಿ ಹಾಕಿದ. ಎಸೆಯಲು ಹುಚ್ಚವ್ವನಿಗೆ ಮನಸ್ಸಾಗಲಿಲ್ಲ. ದಂಡೆಯ ಹಸಿಗೆ ಕುರಿಗಳ ಗೊರಸು ಕೊಳೆಯುತ್ತಿದ್ದವು, ಹೇಗೂ ಕಾಲಡಿಗೆ ಏನಾದರೂ ಹಾಸಬೇಕಿತ್ತು. ಎಲ್ಲವನ್ನೂ ಒಯ್ದು ಹಟ್ಟಿಯೊಳಗೆ ಹರವಿದಳು.

ನಾಲ್ಕು ದಿನ ಕಳೆಯಿತು. ಐದನೆಯ ಬೆಳಗು ಹಿಂಡು ಹೊರಗೆ ಬಿಟ್ಟು ಹಟ್ಟಿ ಬಳಿಯಲು ನಿಂತವಳು ಹಾಗೇ ನಿಂತುಬಿಟ್ಟಳು. ದಂಟು ಇಲ್ಲ, ಬೇರಿಲ್ಲ, ಎಲೆಯಿಲ್ಲ. ನೂರಾ ಅರವತ್ತು ಕುರಿಗಳ ಗೊರಸು ಅದನ್ನು ತುಳಿದು ತುಳಿದು, ಹಿಕ್ಕೆ, ಉಚ್ಚೆ ಬೆರೆಸಿ, ರಾಗಿ ಅಂಬಲಿಯ ಹಾಗೆ ಮಾಡಿದ್ದವು. ಚಳಿಯ ಬೆಳಗಿನಲ್ಲಿ ಅದರಿಂದ ಹಬೆ ಏಳುತ್ತಿತ್ತು. ಬಗ್ಗಿ ನೋಡಿದಳು. ಸಣ್ಣ ಸಣ್ಣ ಗುಳ್ಳೆ ಒಡೆಯುತ್ತಿದ್ದವು.

ಕುರಿ ಮಲಗೆದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ ಎಂದು ರೈತರು ಅವಳ ಹಿಂಡನ್ನು ಕರೆಕರೆದು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಹೊಲಕ್ಕೆ ಆಗುವುದು ಗುಂಡಿಗೆ ಯಾಕೆ ಆಗಬಾರದು? ಒಂದು ಬುಟ್ಟಿ ತುಂಬಿಕೊಂಡು ನೇರ ಗೈಬುಸಾಬನ ಕಟ್ಟೆಗೆ ಹೋದಳು.

"ಗೈಬಣ್ಣ, ನಾವು ಜ್ವಾಳ ನುಚ್ಚು ಒಡೀದನ ಗಡಿಗಿಗೆ ಹಾಕಿದ್ವಿ. ಒಡದು ಕೊಡಾವ್ರು ನನ್ನ ಹಟ್ಟ್ಯಾಗ ಅದಾರ."

ಮುದುಕ ಬೆರಳದ್ದಿ ಮೂಸಿದ. ಅವನ ಮುಖ ಅರಳಿತು. "ಹೌದಲೇ ತಂಗಿ! ಮೂವತ್ತು ವರ್ಷ ಗುಂಡಿ ಕಟ್ಟೇನಿ, ಇದು ನನಗ ಹೊಳೀಲಿಲ್ಲ, ನಿನ್ನ ಕುರಿಗೆ ಹೊಳೀತು."

"ಕುರಿ ಸಾಲಿಗೆ ಹೋಗಿಲ್ಲಲ್ಲ, ಅದಕ್ಕ."

ಅಲ್ಲಿಂದ ಕೆಲಸಕ್ಕೊಂದು ಲಯ ಬಂತು. ಬೆಳಗ್ಗೆ ಊರ ಹೆಂಗಸರು ದಂಡೆಯ ಅಂತರಗಂಗೆ ಎಳೆದು ಹಟ್ಟಿಗೆ ಹಾಕುವರು. ಕುರಿ ತುಳಿಯುವವು. ನಾಲ್ಕು ದಿನದ ಮೇಲೆ ಆ ಅಂಬಲಿ ಗುಂಡಿಗೆ. ಗೈಬುಸಾಬ ಗುಂಬಜದ ಪಕ್ಕ ಕೂತು ಹುಚ್ಚವ್ವನಿಗೆ ಹೇಳಿದ: "ಇದರೊಳಗ ಕಣ್ಣಿಗೆ ಕಾಣದ ಜೀವ ಅದಾವ. ಮೇಯೂವು ಅವು, ಗ್ಯಾಸ್ ಬಿಡೂವು ಅವು. ಅದೂ ಒಂದ ಹಿಂಡ ಅಂತ ತಿಳಿ. ಆದ್ರ ವಿಷ ಹೊಡದ ಕಸ ಬಿತ್ತಂದ್ರ ಎಲ್ಲಾ ಖಲಾಸ್." ಹುಚ್ಚವ್ವ ಗುಂಬಜದ ಮೇಲೆ ಕೈಯಿಟ್ಟಳು. ಗಬ್ಬದ ಕುರಿಯ ಹೊಟ್ಟೆಯಂತೆ ಬೆಚ್ಚಗಿತ್ತು.

ಅಂಬಲಿ ಗುಂಡಿಗೆ ಬಿದ್ದ ಒಂಬತ್ತನೆಯ ದಿನ ರಾಜಶ್ರೀ ಒಲೆಯ ಕಿವಿ ತಿರುವಿ ಕಡ್ಡಿ ಗೀರಿದಳು. 'ಭಗ್' ಎಂದಿತು. ನೀಲಿ ಉರಿ! ಹೊಗೆಯಿಲ್ಲ, ಮಸಿಯಿಲ್ಲ. ಮಕ್ಕಳು ತಟ್ಟೆ ಬಡಿದು ಕುಣಿದರು. ಗೈಬುಸಾಬ ಮೊಣಕಾಲು ಮರೆತು ಎದ್ದು ನಿಂತ. ಅಂದು ಶಾಲೆಯ ಅನ್ನ ಬೆಂದದ್ದು, ಸಾರು ಕುದ್ದದ್ದು ಹೊಳೆಯ ಕಸದಲ್ಲಿ. ಹದಿನೈದು ದಿನದಲ್ಲಿ ಅರ್ಧ ದಂಡೆ ಬಯಲಾಯಿತು. ವರ್ಷಗಟ್ಟಲೆ ಯಾರೂ ಕಾಣದಿದ್ದ ಹೊಳೆಯ ಮೆಟ್ಟಿಲು ಕಂಡವು. ಬೆಳ್ಳಕ್ಕಿ ಇಳಿದವು. ಗುಂಡಿಯಿಂದ ಹೊರಬಂದ ರಾಡಿಯನ್ನು ರೈತರು ಹೊಲಕ್ಕೆ ಒಯ್ಯಲು ಸಾಲು ಹಚ್ಚಿದರು.

ಆಗ ಬಂತು ಟ್ರ್ಯಾಕ್ಟರ್, ಹಿಂದೆ ವಿಷದ ಟ್ಯಾಂಕು. ಮುಂದೆ ಶ್ರೀಶೈಲಪ್ಪ, ಕೈಯಲ್ಲಿ ಕಾಗದ. ಉಳಿದರ್ಧ ದಂಡೆಯ ಅಂತರಗಂಗೆಯ ಮುಂದೆ ನೂರಾ ಅರವತ್ತು ಕುರಿ ಮಲಗಿ ಮೆಲುಕು ಹಾಕುತ್ತಿದ್ದವು. ನಡುವೆ ಹುಚ್ಚವ್ವ ಕಂಬಳಿ ಹೊದ್ದು ಕೂತಿದ್ದಳು.

"ಕುರಿ ಎಬ್ಬಸ ಬೇ. ಔಷಧಿ ಹೊಡೀಬೇಕು."

"ಔಷಧಿ ಯಾರಿಗೆ ಬೇಕಾಗೇತ್ರಿ ಸಾವ್ಕಾರ್ರ? ಹೊಳಿಗೆ ಆರಾಮಾಗೇತಿ."

"ಹೊರ್ತಿಯಿಂದ ಬಂದಾಕಿಗೆ ನಮ್ಮ ಹೊಳಿ ಉಸಾಬರಿ ಯಾಕ?"

"ಹೊರ್ತಿ ಕುರಿ ಸಾಯಾಕ ನಿಮ್ಮ ಹೊಳಿ ಆಕ್ಕೈತಿ, ಉಸಾಬರಿಗೆ ಆಗಂಗಿಲ್ಲೇನ್ರಿ?"

ಊರ ಮಂದಿ ಕೂಡತೊಡಗಿದರು. ಅವರ ನಡುವಿನಿಂದ ರಾಜಶ್ರೀ ಚಹಾದ ಕಪ್ಪು-ಬಸಿ ಹಿಡಿದು ಬಂದಳು. "ಸಾವ್ಕಾರ್ರ, ಕುದ್ದ ಮ್ಯಾಲ ಒಂದ ಕಪ್ ಕಳಸ್ರಿ ಅಂದಿದ್ರಿ. ತಗೋರಿ. ಹೊಳಿ ಕಸದ ಉರಿ ಮ್ಯಾಲಿನ ಚಹಾ."

ಮಂದಿ ಘೊಳ್ಳೆಂದು ನಕ್ಕರು. ಶ್ರೀಶೈಲಪ್ಪ ಕೈ ಚಾಚಲಿಲ್ಲ. ಟ್ರ್ಯಾಕ್ಟರ್ ಮೇಲೆ ಕೂತಿದ್ದ ಡ್ರೈವರ್ ಮಾಳಿಂಗ ಚಾಚಿದ. ಹೋದ ವರ್ಷ ಪೈಪು ಹಿಡಿದು ವಿಷ ಹೊಡೆದವನೂ ಅವನೇ, ತಿಂಗಳುಗಟ್ಟಲೆ ಕೈಯ ಚರ್ಮ ಸುಲಿದುಕೊಂಡವನೂ ಅವನೇ. ಒಂದು ಗುಟುಕು ಕುಡಿದ. ಇಂಜಿನ್ ಬಂದ್ ಮಾಡಿದ. ಇನ್ನೊಂದು ಗುಟುಕು ಕುಡಿದ.

"ಚಲೋ ಆಗೇತವ್ವ," ಎಂದ.

ಶ್ರೀಶೈಲಪ್ಪನ ಕಿವಿ ಕೆಂಪಾದವು. ಕಾಗದ ಮಡಚಿ ಹುಚ್ಚವ್ವನ ಮುಂದೆ ಹಿಡಿದ. ಇನ್ನೊಂದು ಕೈಯಲ್ಲಿ ಶಾಯಿಯ ಡಬ್ಬಿ ತೆರೆದ. "ದಂಡಿ ಖಾಲಿ ಮಾಡ್ತೇನಿ, ಔಷಧಿಗೆ ನಂದೇನೂ ತಕರಾರಿಲ್ಲ ಅಂತ ಬರದೈತಿ. ಹೋದ ವರ್ಷ ಹೆಬ್ಬೆಟ್ಟು ಹೆಂಗ ಒತ್ತಿದ್ದಿ, ಹಂಗ ಒತ್ತು."

ಹುಚ್ಚವ್ವ ತನ್ನ ಹೆಬ್ಬೆರಳು ನೋಡಿದಳು. ಉಗುರಿನ ಸಂದಿಯಲ್ಲಿ ಅಂತರಗಂಗೆಯ ಹಸಿರು ಕೂತಿತ್ತು. ಪಕ್ಕದ ಟಗರು ತಲೆಯೆತ್ತಿ ಶ್ರೀಶೈಲಪ್ಪನನ್ನು ನೋಡಿ, ಮತ್ತೆ ಮೆಲುಕಿಗೆ ಹೋಯಿತು. ಅವಳು ಅದರ ಬೆನ್ನ ಮೇಲೆ ಕೈ ಊರಿ ಎದ್ದು ನಿಂತಳು.

"ಒತ್ತಂಗಿಲ್ರಿ," ಎಂದಳು.